ದೋಣಿಮನೆಯ ಒಕ್ಕಲು

ಪೊಳಲಿಯ ಕೂಸಪ್ಪ ಹಾಯಿದೋಣಿ ಕೊಂಡ ಸುದ್ದಿ ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿಗೆ ಅವನಿಗಿಂತ ಮೊದಲೇ ತಲುಪಿತ್ತು. ಐವತ್ತಾರರ ಪ್ರಾಯದಲ್ಲಿ ಗಲ್ಫ್ ಬಿಟ್ಟು ಬಂದವನು ಏನು ಮಾಡಬೇಕು? ಒಂದು ಹೋಟೆಲು ಹಾಕಬೇಕು. ಅದು ಬೇಡವೆಂದರೆ ಬಿಳಿ ಕಾರೊಂದನ್ನು ಕೊಂಡು, ದೇವಸ್ಥಾನದ ಎದುರು ನಿಲ್ಲಿಸಿ ಪೂಜೆ ಮಾಡಿಸಿ, ಚಕ್ರದ ಅಡಿಗೆ ನಿಂಬೆಹಣ್ಣು ಇಡಬೇಕು. ಇದಕ್ಕೆಲ್ಲ ನಮ್ಮಲ್ಲಿ ಒಂದು ಕ್ರಮ ಉಂಟು. ಚಕ್ರವೇ ಇಲ್ಲದ್ದನ್ನು ತಂದರೆ ಜನ ನಗದೆ ಬಿಡುತ್ತಾರೆಯೇ?

"ಮೀನು ಹಿಡಿಯುದಕ್ಕಾ?" ಎಂದು ಕೇಳಿದರು. ಕೂಸಪ್ಪ ಅಲ್ಲವೆಂದ. "ಹಾಗಾದ್ರೆ ಬಾಡಿಗೆಗೆ ಬಿಡುದಕ್ಕಾ?" ಅದೂ ಅಲ್ಲ.

"ಮತ್ತೆ ಎಂತಕ್ಕೆ ಮಾರಾಯ?"

"ಇರುದಕ್ಕೆ," ಎಂದ ಕೂಸಪ್ಪ. ಬಿಸಿಲಿನ ದೇಶದಲ್ಲಿ ಇಪ್ಪತ್ತೇಳು ವರ್ಷ ಇದ್ದವನ ತಲೆ ಎಂದು ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಇಪ್ಪತ್ತೇಳು ವರ್ಷ ಅವನು ಮಾಡಿದ್ದು ಶ್ರೀಮಂತರ ಹಾಯಿದೋಣಿಗಳನ್ನು ತಿಕ್ಕಿ ತೊಳೆಯುವ ಕೆಲಸ. ಹರಿದ ಹಾಯಿ ಹೊಲಿದ, ಹಗ್ಗ ಬದಲಿಸಿದ, ತಳಕ್ಕೆ ಅಂಟಿದ ಚಿಪ್ಪು ಕೆರೆದ. ದೋಣಿಯೊಳಗೆ ಉಪ್ಪಿನ ಡಬ್ಬಿ ಎಲ್ಲಿ, ಟಾರ್ಚು ಎಲ್ಲಿ ಎಂಬುದೆಲ್ಲ ಕಣ್ಣು ಮುಚ್ಚಿ ಹೇಳುತ್ತಿದ್ದ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ರಜೆ. ಹೆಂಡತಿ ದಮಯಂತಿಯ ಜೊತೆ ಅವನು ಕಳೆದದ್ದು ಎಲ್ಲ ಸೇರಿಸಿದರೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಷ್ಟರಲ್ಲಿ ದಮಯಂತಿ ಬೀಡಿ ಕಟ್ಟಿದಳು, ಗದ್ದೆ ಮಾಡಿಸಿದಳು, ಮಗಳು ಮೋಕ್ಷಿತಾಳನ್ನು ಓದಿಸಿ ಮೂಡುಬಿದಿರೆಯ ಶಾಲೆಯೊಂದರಲ್ಲಿ ಟೀಚರ್ ಆಗುವವರೆಗೆ ತಂದು ನಿಲ್ಲಿಸಿದಳು.

ಊರಿಗೆ ಬಂದ ಮೇಲೆ ಕೂಸಪ್ಪನಿಗೆ ಒಂದು ವಿಷಯ ಗೊತ್ತಾಯಿತು. ಆ ಮನೆಯಲ್ಲಿ ಉಪ್ಪು ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಕಪಾಟಿನ ತುಂಬ ದಮಯಂತಿಯ ಸೀರೆ, ಮೋಕ್ಷಿತಾಳ ಸರ್ಟಿಫಿಕೇಟುಗಳು. ಅವನ ಪೆಟ್ಟಿಗೆ ಮಂಚದ ಅಡಿಯಲ್ಲಿ. ಅಂಗಿ ಬೇಕಾದರೆ ಬಗ್ಗಿ ಎಳೆದು ತೆಗೆಯುವುದು, ಮತ್ತೆ ಒಳಗೆ ತಳ್ಳುವುದು. ಜಾಗ ಮಾಡಿಕೊಡು ಎಂದು ಅವನು ಕೇಳಲಿಲ್ಲ, ಮಾಡಿಕೊಡಬೇಕೆಂದು ಅವಳಿಗೂ ಹೊಳೆಯಲಿಲ್ಲ. ನಾಲ್ಕು ತಿಂಗಳು ಹೀಗೇ ನಡೆಯಿತು. ನಂತರ ಅವನು ಗೋವಾಕ್ಕೆ ಹೋಗಿ, ವಯಸ್ಸಾದ ಗಂಡಹೆಂಡತಿ ಮಾರಲಿಟ್ಟಿದ್ದ ಮೂವತ್ತಡಿಯ ಹಾಯಿದೋಣಿಯನ್ನು ಕೊಂಡ.

ಪೊಳಲಿಯ ಬದಿಯಲ್ಲೇ ಫಲ್ಗುಣಿ ಹರಿಯುತ್ತದಲ್ಲ, ಮನೆಯ ಹತ್ತಿರವೇ ಕಟ್ಟುವ ಎಂದುಕೊಂಡಿದ್ದ ಭೂಪ. ಐದಾರು ಆಳೆತ್ತರದ ಹಾಯಿಯ ಕಂಬ ಸೇತುವೆಯ ಅಡಿಯಲ್ಲಿ ನುಗ್ಗುವುದು ಹೇಗೆ, ನಡುವೆ ಇರುವ ಅಣೆಕಟ್ಟನ್ನು ಹಾರುವುದು ಹೇಗೆ ಎಂದು ಯೋಚಿಸಿಯೇ ಇರಲಿಲ್ಲ. ಹಾಗಾಗಿ ದೋಣಿ ಕೆಳಗೆ, ಅದೇ ಹೊಳೆ ಕಡಲು ಸೇರುವ ಬೆಂಗರೆಯ ಹತ್ತಿರ ನೀರಿನಲ್ಲಿ ಲಂಗರು ಹಾಕಿ ನಿಂತಿತು. ಹೊಳೆಯ ಪಡುಬದಿಗೆ ಬೆಂಗರೆ, ಮೂಡುಬದಿಗೆ ಮಂಗಳೂರು ಪೇಟೆ. ಅದನ್ನು ಗೋವಾದಿಂದ ತರಲು ಜೊತೆಯಾಗಿದ್ದವನು ಬೆಂಗರೆಯ ಇಬ್ರಾಹಿಂ ಖಲೀಲ್. ನೀರಿನ ಮೇಲೇ ಬೆಳೆದ ಮನುಷ್ಯ.

ದಮಯಂತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಕೂಸಪ್ಪನಿಗೆ ಸುಲಭವಾಗುತ್ತಿತ್ತು. ಬೀಡಿಯ ಮೊರವನ್ನು ತೊಡೆಯಿಂದ ಕೆಳಗಿಟ್ಟು, "ಎಂಟು ದಿನ ಬರ್ತೇನೆ," ಎಂದಳು. "ನನಗೆ ಆಗ್ತದೆ ಅಂತ ಆದ್ರೆ ಮಳೆಗಾಲದವರೆಗೆ ಇರುವ. ಆಗುದಿಲ್ಲ ಅಂತ ಆದ್ರೆ ನೀವು ಅದನ್ನು ಮಾರ್ಬೇಕು. ಮತ್ತೆ ಮಾತಿಲ್ಲ."

"ಆಯ್ತು," ಎಂದ ಕೂಸಪ್ಪ.

ನವೆಂಬರಿನ ಒಂದು ಸಂಜೆ ದಮಯಂತಿ ದೋಣಿ ಹತ್ತಿದಳು. ತೆಂಗಿನಕಾಯಿ ತುರಿಯುವ ಮಣೆ, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ದೇವರ ಪಟ ಎಲ್ಲ ಬಂತು. ಜೊತೆಗೆ ಬಟ್ಟೆಯ ಒಂದು ಕೆಂಪು ಚೀಲ. ಅಡುಗೆಯ ಸಾಮಾನೆಲ್ಲ ಬಿಚ್ಚಿ ಇಟ್ಟಳು, ಕೆಂಪು ಚೀಲವನ್ನು ಮಾತ್ರ ಮಲಗುವ ಜಾಗದ ಮೇಲಿನ ಕೊಕ್ಕೆಗೆ ನೇತುಹಾಕಿದಳು. ಪಕ್ಕದ ಗೂಡು ತೋರಿಸಲು ಕೂಸಪ್ಪ ಬಾಯಿ ತೆರೆದ. "ಎಂಟು ದಿನಕ್ಕೆ ಎಂತ ಬಿಚ್ಚುದು?" ಎಂದಳು.

ಅಡುಗೆಯ ಮೂಲೆ ದೋಣಿಯ ಎಡಬದಿಗಿತ್ತು. ಒಲೆ ಎರಡು ಕೊಂಡಿಯ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ದೋಣಿ ಎಷ್ಟು ವಾಲಿದರೂ ಪಾತ್ರೆ ಚೆಲ್ಲಬಾರದೆಂದು ಮಾಡಿದ ಉಪಾಯ ಅದು. ದಮಯಂತಿಗೆ ಅದನ್ನು ನೋಡಿಯೇ ತಲೆ ತಿರುಗಿತು. "ಅಲ್ಲಾಡುವ ಒಲೆಯಲ್ಲಿ ಯಾರಾದ್ರೂ ಹಾಲು ಉಕ್ಕಿಸ್ತಾರಾ? ಅದನ್ನು ಕಟ್ಟಿ." ಕೂಸಪ್ಪ ಹಗ್ಗ ತಂದು ಒಲೆಯನ್ನು ಬಿಗಿಯಾಗಿ ಕಟ್ಟಿದ. ಅವಳನ್ನು ಒಲಿಸಿಕೊಳ್ಳುವ ಭರದಲ್ಲಿ, ಇಪ್ಪತ್ತೇಳು ವರ್ಷ ಕಲಿತದ್ದನ್ನು ಒಂದು ಗಂಟಿನಲ್ಲಿ ಮರೆತ.

ಹೌದು, ಹಾಲು ಉಕ್ಕಿಸಬೇಕಿತ್ತು. ಹೊಸ ಮನೆಗೆ ಹೋದರೆ ಮೊದಲು ಒಕ್ಕಲಾಗಬೇಕು. ಸೂರ್ಯ ಮೂಡುವ ಹೊತ್ತಿಗೆ, ಮೂಡಕ್ಕೆ ಮುಖ ಮಾಡಿ ನಿಂತು, ಹಾಲು ಕಾಯಿಸಿ ಉಕ್ಕಿಸಬೇಕು. ಉಕ್ಕಿದರೆ ಮನೆ ನಮ್ಮದು. ದಮಯಂತಿಗೆ ಇದರಲ್ಲಿ ಚೌಕಾಸಿಯೇ ಇಲ್ಲ.

ಮೊದಲ ಮುಂಜಾನೆ ಖಲೀಲ್ ತನ್ನ ಸಣ್ಣ ದೋಣಿಯಲ್ಲಿ ದನದ ಹಾಲು ತಂದುಕೊಟ್ಟ. ದಮಯಂತಿ ತಲೆಗೆ ನೀರು ಹೊಯ್ದುಕೊಂಡು, ಹೊಸ ಸೀರೆ ಉಟ್ಟು, ಕಂಚಿನ ಪಾತ್ರೆಗೆ ಹಾಲು ಹೊಯ್ದು ಒಲೆಯ ಎದುರು ನಿಂತಳು. ಒಲೆಯ ಮೇಲಿನ ಗಾಜಿನ ಕಿಂಡಿಯಲ್ಲಿ ನೋಡಿದರೆ ಬೆಂಗರೆಯ ತೆಂಗಿನ ಸಾಲು, ಅದರಾಚೆ ಕಡಲು. ಸೂರ್ಯ ಅವಳ ಬೆನ್ನಿಗೆ.

"ಇದು ಪಡು ಅಲ್ವಾ?"

"ನಿನ್ನೆ ಸಂಜೆ ನೋಡುವಾಗ ಮೂಡು ಇತ್ತಲ್ಲ ಮಾರಾಯ್ತಿ!"

ಕೂಸಪ್ಪ ಬೆಪ್ಪಾಗಿ ನಿಂತ. ಗಲ್ಫಿನಲ್ಲಿ ಅವನು ನೋಡಿದ ದೋಣಿಗಳೆಲ್ಲ ಕಟ್ಟೆಗೆ ಕಟ್ಟಿಹಾಕಿದಂಥವು, ನಿಂತಲ್ಲೇ ನಿಂತಿರುತ್ತಿದ್ದವು. ಇಲ್ಲಿ ಹಾಗಲ್ಲ. ಹೊಳೆಯ ನೀರು ಕಡಲಿಗೆ ಇಳಿಯುವಾಗ ದೋಣಿ ಬಡಗಿಗೆ ಮೂತಿ ಮಾಡುತ್ತದೆ, ಕಡಲು ಒಳಗೆ ಏರುವಾಗ ತಿರುಗಿ ತೆಂಕಿಗೆ ಮಾಡುತ್ತದೆ. ಮೂತಿ ತಿರುಗಿದರೆ ಒಲೆಯೂ ತಿರುಗುತ್ತದೆ. ಏಳು ಗಂಟೆಗೆ ನೀರು ತಿರುಗಿತು, ಕಿಂಡಿಯಲ್ಲಿ ತೆಂಗಿನ ಸಾಲು ಹೋಗಿ ಮಂಗಳೂರು ಪೇಟೆ ಬಂತು, ಬಿಸಿಲು ಸೀದಾ ಪಾತ್ರೆಯ ಮೇಲೆ ಬಿತ್ತು. "ಈಗ ಇಡು, ಈಗ ಮೂಡು!" ಎಂದು ಕೂಸಪ್ಪ ಕುಣಿದ.

"ಸೂರ್ಯ ಇಷ್ಟು ಮೇಲೆ ಬಂದ ಮೇಲೆ ಒಕ್ಕಲಾ? ಎಂತ, ಹೋಟೆಲು ಶುರು ಮಾಡುದಾ ನಾವು?" ಎಂದ ದಮಯಂತಿ ಆ ಹಾಲಿಗೆ ಚಹಾಪುಡಿ ಹಾಕಿದಳು.

ಎರಡನೆಯ ದಿನಕ್ಕೆ ಕೂಸಪ್ಪ ಬುದ್ಧಿ ಓಡಿಸಿದ. ಓಡಿಸದಿದ್ದರೇ ಒಳ್ಳೆಯದಿತ್ತು. ಹಿಂದಿನ ಸಂಜೆ, ದೋಣಿ ತೆಂಕಿಗೆ ಮೂತಿ ಮಾಡಿ ನಿಂತಾಗಲೇ, ಹಿಂಬದಿಯಿಂದ ಇನ್ನೊಂದು ಲಂಗರು ಇಳಿಸಿದ. ಇನ್ನು ಹೇಗೆ ತಿರುಗುತ್ತದೆ ನೋಡುವ ಎಂದು ಮಲಗಿದ. ಬೆಳಿಗ್ಗೆ ನೋಡಿದರೆ ದೋಣಿ ತೆಂಕಿಗೂ ಇಲ್ಲ, ಬಡಗಿಗೂ ಇಲ್ಲ. ಎರಡು ಹಗ್ಗದ ನಡುವೆ ಹೊಳೆಗೆ ಅಡ್ಡವಾಗಿ, ಒಂದು ಬದಿಗೆ ವಾಲಿ ನಿಂತಿತ್ತು. ಆದರೂ ಕಿಂಡಿಯಲ್ಲಿ ಹೆಚ್ಚುಕಡಿಮೆ ಮೂಡು ಕಾಣುತ್ತಿತ್ತು. ದಮಯಂತಿ ಕೈಮುಗಿದು ಒಲೆ ಹಚ್ಚಿದಳು. ಹಾಲು ಅಂಚಿನವರೆಗೆ ಏರಿತ್ತು. ಅಷ್ಟರಲ್ಲಿ ಮೀನಿಗೆ ಹೊರಟ ದೊಡ್ಡ ಬೋಟೊಂದು ಪಕ್ಕದಲ್ಲಿ ಹಾದುಹೋಯಿತು. ಅದರ ತೆರೆ ಬಂದು ಬಡಿದದ್ದೇ ದೋಣಿ ತಕಪಕ ಹಾರಿತು. ಕಟ್ಟಿದ್ದ ಒಲೆಯೂ ಅದರ ಜೊತೆಗೇ ಹಾರಿತು. ಕಂಚಿನ ಪಾತ್ರೆ ಮಗುಚಿ ಹಾಲೆಲ್ಲ ನೆಲಕ್ಕೆ, ಬೆಂಕಿ ನಂದಿತು.

ಉಕ್ಕುವುದು ಬೇರೆ, ಚೆಲ್ಲುವುದು ಬೇರೆ. ದಮಯಂತಿ ಬಟ್ಟೆ ತಂದು ನೆಲ ಒರೆಸಿದಳು. ಕೂಸಪ್ಪನ ಮುಖ ನೋಡಲಿಲ್ಲ. ಬಟ್ಟೆ ಹಿಂಡುತ್ತ, "ಈ ಮನೆಗೆ ನಾನು ಬೇಡ ಅಂತ ಕಾಣ್ತದೆ," ಎಂದಳು. ಇಪ್ಪತ್ತೇಳು ವರ್ಷ ಫೋನಿನಲ್ಲಿ ಕೇಳಿದ ಎಷ್ಟೋ ದುಃಖಕ್ಕಿಂತ ಆ ಒಂದು ಮಾತು ಕೂಸಪ್ಪನಿಗೆ ಹೆಚ್ಚು ತಾಗಿತು. ತಪ್ಪು ದೋಣಿಯದ್ದಲ್ಲ, ತನ್ನದು ಎಂದು ಹೇಳಬೇಕೆಂದುಕೊಂಡ, ಹೇಳುವ ಬದಲು ಮಗುಚಿದ ಪಾತ್ರೆಯನ್ನು ಎತ್ತಿಟ್ಟ. ಮಧ್ಯಾಹ್ನ ದೋಣಿಯ ಮೂತಿಯ ಕಡೆ ಹೋಗಿ ಕೂತು, ದೋಣಿ ಕೊಡಿಸಿದ್ದ ಗೋವಾದ ದಲ್ಲಾಳಿಗೆ ಮೆಲ್ಲಗೆ ಫೋನ್ ಮಾಡಿದ. ದೋಣಿ ಮಾರುವುದಿದೆ, ಮುಂದಿನ ವಾರ ಬಂದು ನೋಡಿ ಎಂದ. ನಂತರ ಹಿಂಬದಿಯ ಲಂಗರು ಎತ್ತಿದ. ದೋಣಿ ತನ್ನ ಇಷ್ಟದಂತೆ ತಿರುಗಿಕೊಂಡು ನಿಂತಿತು.

ಮೂರನೆಯ ದಿನ ದಮಯಂತಿ ಹಾಲು ಇಡಲಿಲ್ಲ. ಗಂಜಿಗೆ ಇಟ್ಟು ಕಿಂಡಿಯಲ್ಲಿ ನೋಡುತ್ತ ಕೂತಳು. ಇಪ್ಪತ್ತೈದು ಬೀಡಿ ಕಟ್ಟುವುದಕ್ಕೆ ಎಷ್ಟು ಹೊತ್ತು ಎಂದು ಗಡಿಯಾರ ನೋಡದೆ ಹೇಳುವ ಹೆಂಗಸು ಅವಳು. ಖಲೀಲ್ ಮೀನು ಕೊಡಲು ಬಂದಾಗ ಅವನನ್ನು ತಡೆದಳು.

"ಖಲೀಲ್, ಈ ಕಿಂಡಿಯಲ್ಲಿ ಪೇಟೆ ಬರುದು ಮೊನ್ನೆ ಏಳಕ್ಕೆ. ನಿನ್ನೆ ದೋಣಿ ಕಟ್ಟಿಹಾಕಿದ್ರೂ ನೀರು ತಿರುಗುವಾಗ ಏಳು ಮುಕ್ಕಾಲು ದಾಟಿತ್ತು. ಇವತ್ತು ಎಂಟೂ ಮುಕ್ಕಾಲು ಆಗ್ತಾ ಬಂತು. ಇದು ದಿನಾ ಹೀಗೆ ತಡ ಆಗುದಾ?"

"ಹೌದಕ್ಕ. ನೀರು ದಿನಾ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ ತಡ. ಅದಕ್ಕೆ ರಜೆ ಇಲ್ಲ, ಅವಸರವೂ ಇಲ್ಲ."

"ಏರುದು ಎಷ್ಟು ಹೊತ್ತು? ಇಳಿಯುದು ಎಷ್ಟು ಹೊತ್ತು?"

"ಆರಾರು ಗಂಟೆ ಅಂತ ಇಟ್ಕೊಳ್ಳಿ."

ದಮಯಂತಿ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಖಲೀಲ್ ನಕ್ಕು ತಲೆಯಾಡಿಸಿದ. ಕೂಸಪ್ಪನಿಗೆ ಇಬ್ಬರೂ ಏನೂ ಹೇಳಲಿಲ್ಲ. ಅವನೂ ಕೇಳಲಿಲ್ಲ, ಮಾರುವ ದೋಣಿಯ ವಿಷಯ ಕೇಳಿ ಏನಾಗಬೇಕು?

ಐದನೆಯ ದಿನ ಗಾಳಿ ಚೆನ್ನಾಗಿತ್ತು. ಕೊಡುವ ಮೊದಲು ಒಮ್ಮೆಯಾದರೂ ಅವಳನ್ನು ಕೂರಿಸಿ ಹಾಯಿ ಬಿಚ್ಚುವ ಎಂದು ಕೂಸಪ್ಪನಿಗೆ ಆಸೆಯಾಯಿತು. ಹೊಳೆ ಕಡಲಿಗೆ ಬಾಯಿ ತೆರೆಯುವ ಅಳಿವೆಯ ಒಳಗೇ ಒಂದು ಸುತ್ತು ಹೋದರು. ಹಾಯಿ ತುಂಬಿ ದೋಣಿ ವಾಲಿದಾಗ ದಮಯಂತಿ ದೇವರ ಹೆಸರು ಹೇಳುತ್ತ ಗಂಡನ ಅಂಗಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅಂಗಿ ಬಿಟ್ಟು ಚುಕ್ಕಾಣಿ ಹಿಡಿದಳು.

"ಶಬ್ದವೇ ಇಲ್ಲ ಅಲ್ವಾ ಇದಕ್ಕೆ," ಎಂದಳು.

"ಇಂಜಿನ್ ಬಂದ್ ಮಾಡಿದ್ದೇನೆ."

"ಅದಲ್ಲ. ಇಷ್ಟು ಹೊತ್ತು ನಾವಿಬ್ಬರೇ ಒಂದೇ ಕಡೆ ಕೂತು ಎಷ್ಟು ಕಾಲ ಆಯ್ತು?"

ಕೂಸಪ್ಪನಿಗೆ ಉತ್ತರ ಗೊತ್ತಿತ್ತು. ಮದುವೆಯಾದ ಮೇಲೆ ಹಾಗೆ ಕೂತೇ ಇರಲಿಲ್ಲ. ಅಷ್ಟು ಸಂತೋಷ, ಅದರ ಬೆನ್ನಿಗೇ ದಲ್ಲಾಳಿಯ ನೆನಪು. ಮುಖ ಆಚೆ ತಿರುಗಿಸಿ ಹಗ್ಗ ಎಳೆಯುತ್ತ ನಿಂತ.

ಏಳನೆಯ ಸಂಜೆ ದಮಯಂತಿ ಖಲೀಲನನ್ನು ಕೂಗಿ, "ನಾಳೆ ಬೆಳಿಗ್ಗೆ ಆರು ಗಂಟೆಗೆ ಹಾಲು ಬೇಕು. ತಡ ಆಗ್ಬಾರ್ದು, ಆಯ್ತಾ?" ಎಂದಳು.

ಎಂಟನೆಯ ಮುಂಜಾನೆ ಕೂಸಪ್ಪ ಎದ್ದು ನೋಡಿದರೆ ದಮಯಂತಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಒಲೆಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚುತ್ತಿದ್ದಳು. ಗಂಟು ಬಿಗಿಯಾಗಿತ್ತು, ಹಲ್ಲು ಹಾಕಿ ಎಳೆಯುತ್ತಿದ್ದಳು. "ನೋಡ್ತಾ ನಿಂತದ್ದೆಂತ? ಕೈ ಹಾಕಿ. ಅಲ್ಲಾಡಲಿ ಅದು."

ಕಿಂಡಿಯಲ್ಲಿ ಪೇಟೆ ಇತ್ತು. ಮೊದಲ ದಿನ ಇದೇ ಹೊತ್ತಿಗೆ ಬೆಂಗರೆ ಇದ್ದ ಜಾಗದಲ್ಲಿ, ಪೇಟೆಯ ಗುಡ್ಡದ ಮೇಲೆ ಆಕಾಶ ಕೆಂಪಾಗಿತ್ತು. ಏಳು ದಿನಕ್ಕೆ ನೀರು ಹತ್ತಿರ ಹತ್ತಿರ ಆರು ಗಂಟೆ ಹಿಂದೆ ಬಿದ್ದಿತ್ತು, ಇಳಿಯಬೇಕಾದ ಹೊತ್ತಿಗೆ ಏರುತ್ತಿತ್ತು. ಕೂಸಪ್ಪನಿಗೆ ಆಗ ಅರ್ಥವಾಯಿತು. ತಾನು ಹಗ್ಗ ಕಟ್ಟಿ ತಿರುಗಿಸಲು ಹೋದದ್ದನ್ನು ಇವಳು ಕೂತು ಕಾದು ತಿರುಗಿಸಿದ್ದಳು.

"ಇನ್ನು ಕಾಲು ಗಂಟೆಯೇ ಇರುದು, ಮತ್ತೆ ಬೆಂಗರೆ ಬರ್ತದೆ," ಎಂದು ದಮಯಂತಿ ಒಲೆ ಹಚ್ಚಿದಳು. ಹಾಲು ಕಾಯತೊಡಗಿತು. ಇವತ್ತೂ ಒಂದು ಮೀನಿನ ಬೋಟು ಹಾದುಹೋಯಿತು. ತೆರೆ ಬಂತು, ದೋಣಿ ವಾಲಿತು, ತಟ್ಟೆ ಲೋಟ ಗಲಗಲ ಎಂದವು. ಒಲೆ ಮಾತ್ರ ಕೊಂಡಿಯ ಮೇಲೆ ಮೆಲ್ಲಗೆ ತೂಗಿ ನೆಟ್ಟಗೆ ನಿಂತಿತು. ಗುಡ್ಡದ ಮೇಲೆ ಸೂರ್ಯನ ಅಂಚು ಕಂಡಿತು. ದಮಯಂತಿಯ ಮುಖದ ಮೇಲೆ ಬೆಳಕು ಬಿತ್ತು, ಹಾಲು ಏರಿ ಏರಿ ಪಾತ್ರೆಯ ಸುತ್ತ ಬಿಳಿಯಾಗಿ ಉಕ್ಕಿತು. ಕೂಸಪ್ಪ ಅತ್ತ. ಗಲ್ಫಿಗೆ ಹೊರಟ ದಿನ ಅಳದ ಮನುಷ್ಯ ಒಂದು ಪಾತ್ರೆ ಹಾಲಿಗೆ ಅತ್ತ.

"ಆ ಗೋವಾದವನಿಗೆ ಫೋನ್ ಮಾಡಿ ಬರುದು ಬೇಡ ಅಂತ ಹೇಳಿ," ಎಂದಳು ದಮಯಂತಿ.

"ನಿನಗೆ ಹೇಗೆ ಗೊತ್ತು?"

"ಮೂವತ್ತಡಿಯ ಮನೆಯಲ್ಲಿ ಗುಟ್ಟು ಎಲ್ಲಿ ಉಳೀತದೆ ಮಾರಾಯ್ರೆ?"

ಹಾಲು ಕುಡಿದಾದ ಮೇಲೆ ಅವಳು ಕೊಕ್ಕೆಯಿಂದ ಕೆಂಪು ಚೀಲ ಇಳಿಸಿ ಬಿಚ್ಚಿದಳು. ನಾಲ್ಕು ಸೀರೆ ಮಡಿಲಲ್ಲಿ ಇಟ್ಟುಕೊಂಡು, "ಇದನ್ನು ಎಲ್ಲಿ ಇಡುದು?" ಎಂದು ಕೇಳಿದಳು. ಕೂಸಪ್ಪ ಪಕ್ಕದ ಗೂಡಿನ ಬಾಗಿಲು ತೆಗೆದ. ಒಳಗೆ ಏನೂ ಇರಲಿಲ್ಲ, ಹಳೆಯ ಪೇಪರ್ ಮಾತ್ರ ಹಾಸಿತ್ತು.

"ಇದು ಯಾವಾಗಿನಿಂದ ಖಾಲಿ ಉಂಟು?"

"ಗೋವಾದಿಂದ. ನಿನಗೆ ಅಂತ ಇಟ್ಟದ್ದು."

ದಮಯಂತಿ ಸೀರೆಗಳನ್ನು ಒಂದರ ಮೇಲೊಂದು ಇಟ್ಟಳು. ಬಾಗಿಲು ಹಾಕದೆ, ಕೈ ಅಲ್ಲೇ ಇಟ್ಟುಕೊಂಡಳು. ಕಿಂಡಿಯಲ್ಲಿ ಪೇಟೆ ಮೆಲ್ಲಗೆ ಸರಿದು ತೆಂಗಿನ ಸಾಲು ಬರುತ್ತಿತ್ತು.

"ಮೋಕ್ಷಿತಾ ಶನಿವಾರ ಮನೆಗೆ ಹೋಗ್ತಾಳಲ್ಲ," ಎಂದಳು ಆಮೇಲೆ. "ಕಪಾಟಿನಲ್ಲಿ ಮೇಲಿನ ಎರಡು ಅರೆ ಖಾಲಿ ಮಾಡ್ಲಿಕ್ಕೆ ಹೇಳ್ತೇನೆ. ಮಳೆಗಾಲಕ್ಕೆ ಹೋದಾಗ ನೀವೂ ನಿಮ್ಮ ಪೆಟ್ಟಿಗೆ ಬಿಚ್ಚಿ."