ಜಯಸಿಂಹರ ಮೊಟ್ಟೆ, ಕಾತ್ಯಾಯಿನಿಯವರ ಡಬ್ಬಿ

ಜೆ.ಪಿ. ನಗರದ ಜಯಸಿಂಹರು ಕಾಲೇಜಿನಲ್ಲಿ ಪೌಷ್ಟಿಕಾಹಾರದ ಪಾಠ ಮಾಡಿ ನಿವೃತ್ತರಾದವರು. ಮೊಟ್ಟೆಯ ಗುಣಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲರು. ಮೊಟ್ಟೆಯನ್ನು ಮಾತ್ರ ಜನ್ಮದಲ್ಲಿ ಮುಟ್ಟಿದವರಲ್ಲ. ಆಮ್ಲೆಟ್ ಗಾಡಿ ಎದುರಾದರೆ ಉಸಿರು ಬಿಗಿಹಿಡಿದು ದಾಟುತ್ತಾರೆ. ಈಜು ಬಾರದವರು ದಡದಲ್ಲಿ ನಿಂತು ಈಜು ಕಲಿಸುವುದು ನಮ್ಮಲ್ಲಿ ಹೊಸದೇನಲ್ಲ, ಬಿಡಿ.

ಇನ್ನು ಅವರ ಸ್ವಂತ ಪೌಷ್ಟಿಕತೆ. ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನ ಮೊಸರನ್ನ, ರಾತ್ರಿ ಮಧ್ಯಾಹ್ನದ್ದೇ ಮೊಸರನ್ನ. ಊಟ ಅಂತ ಆಗುತ್ತಿದ್ದುದು ಶನಿವಾರ. ಅಂದು ಗೆಳೆಯ ಶಶಿಧರ್ ಪಕ್ಕದ ರಸ್ತೆಯಿಂದ ಸ್ಟೀಲ್ ಡಬ್ಬಿ ಹಿಡಿದು ಬರುತ್ತಿದ್ದರು. ಒಳಗೆ ಅವರ ಹೆಂಡತಿ ಕಾತ್ಯಾಯಿನಿ ಮಾಡಿದ ಬಿಸಿ ಹುಳಿ. ಜಯಸಿಂಹರು ಉಣ್ಣುವಷ್ಟು ಹೊತ್ತು ಶಶಿಧರ್ ಎದುರಿಗೆ ಕೂತು ಕಾಫಿ ಹೀರುತ್ತ, ಕಾರ್ಪೊರೇಷನ್ನನ್ನೂ ತಮ್ಮ ಮೊಣಕಾಲನ್ನೂ ಒಟ್ಟಿಗೇ ಬೈಯುತ್ತಿದ್ದರು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದಲ್ಲ, ಜಯಸಿಂಹರು ತೊಳೆದಿಟ್ಟು, ಮುಂದಿನ ಶನಿವಾರ ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತಿದ್ದರು.

ಶಶಿಧರ್ ಒಂದು ಟ್ರಸ್ಟಿನ ಕಾರ್ಯದರ್ಶಿ. ಗೊಟ್ಟಿಗೆರೆ, ಬೇಗೂರಿನ ಕಡೆ ಅದರ ಶಾಲೆಗಳಿವೆ. ಮಕ್ಕಳ ಮಧ್ಯಾಹ್ನದ ಊಟದಲ್ಲಿ ಏನೇನು ಇರಬೇಕೆಂದು ಗೊತ್ತುಮಾಡಲು ಸಮಿತಿಯಾಯಿತು. ತಜ್ಞರಾಗಿ ಜಯಸಿಂಹರನ್ನು ಎಳೆದು ತಂದವರೂ ಶಶಿಧರೇ.

ಜಯನಗರದ ಹೋಟೆಲೊಂದರ ಮಹಡಿಯಲ್ಲಿ ಸಭೆ. ಮಕ್ಕಳಿಗೆ ಎಣ್ಣೆ ಎಷ್ಟು ಕಡಿಮೆ ಮಾಡಬಹುದೆಂದು ಸದಸ್ಯರು ಬೆಣ್ಣೆ ಮಸಾಲೆ ಮುಂದಿಟ್ಟುಕೊಂಡು ಚರ್ಚಿಸಿದರು. ಅಡುಗೆಮನೆಗೆ ಮೊಟ್ಟೆ ಬರಕೂಡದೆಂದು ದಾನಿಗಳ ಹಟ. ಹಾಗಾಗಿ ಮೊಟ್ಟೆಯ ಬದಲು ಬಾಳೆಹಣ್ಣು. ಎರಡೂ ಪೌಷ್ಟಿಕತೆಯಲ್ಲಿ ಸಮ ಎಂದು ತಜ್ಞರು ಸಹಿ ಹಾಕಿದರೆ ಮುಗಿಯಿತು.

"ಬಾಳೆಹಣ್ಣು ಒಳ್ಳೇದೇ. ಮೊಟ್ಟೆಗೆ ಸಮ ಅಂತ ಮಾತ್ರ ನಾನು ಬರೆಯಲ್ಲ," ಅಂದರು ಜಯಸಿಂಹ. "ತಿನ್ನೋ ಮನೆ ಮಕ್ಕಳಿಗೆ ಮೊಟ್ಟೆ ಕೊಡಿ. ಬೇಡ ಅನ್ನೋರಿಗೆ ಹಣ್ಣಿನ ಜೊತೆ ಹಾಲು, ಕಡ್ಲೆಕಾಯಿ ಕೊಡಿ."

"ನೀನೇ ತಿನ್ನಲ್ವಲ್ಲೋ!" ಎಂದರು ಶಶಿಧರ್.

"ನಾನು ಉದ್ದಕ್ಕೆ ಬೆಳೆಯೋದು ಯಾವತ್ತೋ ನಿಂತೋಯ್ತು ಮಾರಾಯ. ಅಡ್ಡಡ್ಡ ಬೆಳೆಯೋಕೆ ಮೊಸರನ್ನ ಸಾಕು."

ಎಲ್ಲರೂ ನಕ್ಕರು, ಶಶಿಧರ್ ನಗಲಿಲ್ಲ. ಮೆಟ್ಟಿಲಿಳಿಯುವಾಗ ತೋಳು ಹಿಡಿದರು. "ದಾನಿಗಳಿಗೆ ಮಾತು ಕೊಟ್ಬಿಟ್ಟಿದೀನಿ ಕಣೋ. ಒಂದು ಸೈನು. ನನಗೋಸ್ಕರ."

ಜಯಸಿಂಹರು ಪೆನ್ನು ತೆಗೆದರು. ಗೊಟ್ಟಿಗೆರೆ ಶಾಲೆಯಲ್ಲಿ ಕಂಡ ಮಕ್ಕಳ ಕಡ್ಡಿಯಂಥ ತೋಳುಗಳು ನೆನಪಾದವು. ಪೆನ್ನು ಜೇಬಿಗೆ ಹೋಯಿತು. "ಬೇರೆ ಏನಾದ್ರೂ ಕೇಳು ಶಶಿ."

"ಬೇರೆ ಏನಿದೆ ನಿನ್ನತ್ರ ಕೊಡೋಕೆ?"

ಆ ಶನಿವಾರ ಹುಳಿ ಬರಲಿಲ್ಲ. ಜಯಸಿಂಹರು ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿ, ಸ್ವಲ್ಪ ಹೊತ್ತು ಕಾದು, ಎರಡನ್ನೂ ತಾವೇ ಕುಡಿದರು. ಮುಂದಿನ ಶನಿವಾರಗಳೂ ಮೊಸರನ್ನಕ್ಕೇ ಸೇರಿದವು.

ತಿಂಗಳು ಕಳೆದ ಮೇಲೆ ಟ್ರಸ್ಟಿನ ಆಫೀಸಿನಿಂದ ಫೋನು. ತಜ್ಞರ ಸಹಿಯಿಲ್ಲದೆ ಸರ್ಕಾರದ ಅನುದಾನ ಸಿಗುವುದಿಲ್ಲವಂತೆ, ಅದಕ್ಕೇ ದಾನಿಗಳು ಬಗ್ಗಿದರಂತೆ. ಮೊಟ್ಟೆ ಪಾಸಾಯಿತು! ಜಯಸಿಂಹರು ಹಿಗ್ಗಿ ಯಾರಿಗಾದರೂ ಹೇಳೋಣವೆಂದು ಹೊರಟರೆ, ಹೇಳಲು ಇದ್ದವರು ಒಬ್ಬರೇ, ಸೋತ ಶಶಿಧರ್. ತಮ್ಮಲ್ಲೇ ಉಳಿದಿದ್ದ ಡಬ್ಬಿಗೆ ಕಂಠಮಟ್ಟ ಸಕ್ಕರೆ ತುಂಬಿ ಅವರ ಮನೆಗೇ ಹೋದರು.

ಕಾತ್ಯಾಯಿನಿ ಬಾಗಿಲು ತೆಗೆದರು, ಗೇಟು ತೆಗೆಯಲಿಲ್ಲ. "ಇವರು ಮಲಗಿದಾರೆ ಅಣ್ಣ."

ಒಳಗೆ ಶಶಿಧರ್ ಕೆಮ್ಮಿದ್ದು ಇಬ್ಬರಿಗೂ ಕೇಳಿಸಿತು.

"ಡಬ್ಬಿ ಕೊಟ್ಟು ಹೋಗೋಣ ಅಂತ..."

"ನೀವೇ ಇಟ್ಕೊಳ್ಳಿ. ತಪ್ಪು ತಿಳ್ಕೋಬೇಡಿ, ಅದರಲ್ಲಿ ಈಗ ಏನೇನು ಬೇಯಿಸಿದೀರೋ ಏನೋ. ನಮ್ಮದು ಮಡಿ ಅಡುಗೆಮನೆ."

ನಾನು ಮೊಟ್ಟೆ ಮುಟ್ಟಿಯೇ ಇಲ್ಲಮ್ಮ ಎಂಬ ಮಾತು ಜಯಸಿಂಹರ ನಾಲಿಗೆಯ ತುದಿಗೆ ಬಂತು. ಅಂದಿದ್ದರೆ ಗೇಟು ತೆರೆಯುತ್ತಿತ್ತೇನೋ. ಆದರೆ ಹಾಗಂದರೆ ಮೊಟ್ಟೆ ಮುಟ್ಟುವುದು ತಪ್ಪು ಅಂದಹಾಗಾಗುತ್ತದೆ. ಆ ಮಕ್ಕಳು ಗೊಟ್ಟಿಗೆರೆಯಲ್ಲಿ ಅದನ್ನೇ ಸುಲಿದು ತಿನ್ನುತ್ತಿರುತ್ತಾರೆ. "ಸರಿಯಮ್ಮ, ಬರ್ತೀನಿ," ಎಂದು ತಿರುಗಿದರು.

ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಸಕ್ಕರೆ ತೆಗೆಯಲು ಮನಸ್ಸಾಗಲಿಲ್ಲ. ಶಶಿಯ ಮೊಣಕಾಲು ಸರಿಹೋದ ದಿನ ಬಂದಾನು, ಆಗ ಕೊಡುವ ಡಬ್ಬಿ ಖಾಲಿ ಇರಬಾರದಲ್ಲ.

ಶನಿವಾರ ಮಧ್ಯಾಹ್ನ ನೋಡಿದರೆ ಮುಚ್ಚಳದ ಸಂದಿಗೆ ಇರುವೆ ಸಾಲು. ಜಯಸಿಂಹರು ಒರೆಸುವ ಬಟ್ಟೆ ಕೈಗೆತ್ತಿಕೊಂಡವರು, ಯಾಕೋ ಅದನ್ನು ಹಾಗೇ ಇಟ್ಟು, ಕುರ್ಚಿ ಎಳೆದುಕೊಂಡು ಅವುಗಳ ಎದುರಿಗೆ ಮೊಸರನ್ನಕ್ಕೆ ಕೂತರು.