ನೆರಳು ಹರಿದ ಜಾಗ

ಗೋಕಾಕದಲ್ಲಿ ನಮ್ಮ ಶಾಲೆಯ ಪಕ್ಕ ಸೈಕಲ್ ರಿಪೇರಿ ಮಾಡುತ್ತಿದ್ದ ಕಾಕಾ, ಅಲ್ಲಿಂದ ಬಸ್ ನಿಲ್ದಾಣದವರೆಗೆ ಬೇವಿನ ಸಾಲು ಬೆಳೆಸಿದ್ದರು. ಪಂಕ್ಚರ್ ನೋಡಿದ ಬೋಗುಣಿಯ ನೀರನ್ನು ಸಂಜೆ ಸಸಿಗಳಿಗೇ ಹಾಕುತ್ತಿದ್ದರು. ‘ನಡಕೊಂಡು, ಸೈಕಲ್ ಹೊಡಕೊಂಡು ಹೋಗೋರಿಗೆ ನೆರಳು ನಡುವ ಹರೀಬಾರದ್ರಿ’ ಎನ್ನುವುದು ಅವರ ಮಾತು.

ಆ ನೆರಳು ಒಂದೇ ಕಡೆ, ಬಟ್ಟೆ ಅಂಗಡಿಯ ಮುಂದೆ, ಹರಿದಿತ್ತು. ‘ಬೋರ್ಡ್ ಕಾಣಂಗಿಲ್ಲ ಕಾಕಾ, ಇಲ್ಲಿ ಬ್ಯಾಡ್ರಿ’ ಎಂದು ಅಂಗಡಿಯವರು ತಡೆದಿದ್ದರು. ಪ್ರತಿ ಮಳೆಗಾಲವೂ ಕಾಕಾ ಸಸಿ ಹಿಡಿದು ಹೋಗಿ ಕೇಳಿ, ಅದನ್ನು ಹಿಡಿದೇ ಮರಳುತ್ತಿದ್ದರು.

ಈ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಅವರ ಶವವಿದ್ದ ಜನಾಜಾ ಹೊತ್ತು ಆ ಮರಗಳ ಕೆಳಗೇ ನಡೆದೆವು. ಬಟ್ಟೆ ಅಂಗಡಿಯ ಮುಂದೆ ಜನಾಜಾದ ಮೇಲೆ ಬಿಸಿಲು ಬಿತ್ತು. ಅಂಗಡಿಯವರು ಇಳಿದು ಬಂದು ಹೆಗಲು ಕೊಟ್ಟರು.

ಮೊದಲ ಮಳೆಯಾದ ಮರುದಿನ ಅಂಗಡಿಯವರು ಕಾಕಾ ಅವರ ಮನೆಗೆ ಬಂದು ಮಗನನ್ನು ಕೇಳಿದರು: ‘ಹೋದ ವರ್ಷ ನಾ ತಿರುಗಿ ಕಳಿಸಿದ ಸಸಿ ಇನ್ನೂ ಐತೇನ್ರಿ?’