ಬೆಳಕಿನ ಔಷಧಿ, ಬಾಣಂತಿ ಕೋಣೆ

ಮಂಜಾಗುತ್ತಿದ್ದ ಅವ್ವನ ಎಡಗಣ್ಣಿನೊಳಗೆ ಗಂಟು ಬೆಳೆದಿದೆ, ಅದು ಕ್ಯಾನ್ಸರ್ ಎಂದು ಹೈದರಾಬಾದಿನ ಡಾಕ್ಟರು ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಕಣ್ಣಿಗೂ ಕ್ಯಾನ್ಸರ್ ಬರುತ್ತದೆಯೇ? ಅದರ ಮದ್ದು ಇನ್ನೂ ವಿಚಿತ್ರ. ತೋಳಿನ ನರಕ್ಕೆ ಔಷಧಿ ಬಿಟ್ಟು, ಆಮೇಲೆ ಗಂಟಿನ ಮೇಲೆ ಕೆಂಪು ಬೆಳಕು ಹಾಯಿಸುತ್ತಾರೆ. ಬೆಳಕು ಬಿದ್ದಲ್ಲಿ ಔಷಧಿ ಎಚ್ಚೆತ್ತು ಗಂಟನ್ನು ಕೊಲ್ಲುತ್ತದಂತೆ. ಅದಕ್ಕೂ ಜಗ್ಗದಿದ್ದರೆ ಕಣ್ಣನ್ನೇ ತೆಗೆಯಬೇಕಾದೀತು ಎಂದರು. ಔಷಧಿ ಮೈಯಲ್ಲಿರುವ ತನಕ ಬಿಸಿಲಿಗೆ ಬಂದರೆ ಚರ್ಮ ಸುಡುತ್ತದೆ, ಹಾಗಂತ ಕತ್ತಲಲ್ಲೂ ಇಡಬಾರದು ಎಂದರು. ನಾನು ಕೋಲೆ ಬಸವನಂತೆ ತಲೆಯಾಡಿಸಿದೆ. ತಲೆಬುಡ ಒಂದೂ ತಿಳಿದಿರಲಿಲ್ಲ.

ಆ ಮದ್ದು ಮಾಡಿಸಿಕೊಂಡು ಊರಿಗೆ ಮರಳುವ ದಾರಿಯಲ್ಲಿ, ಹುಮನಾಬಾದಿನಲ್ಲಿ ಬಸ್ಸು ಬದಲಿಸುವಾಗ ಅವ್ವನ ತಲೆಯಿಂದ ಕಾಲಿನವರೆಗೆ ಚಾದರ ಹೊದಿಸಿದ್ದೆ. "ಈ ವಯಸ್ಸಿನ್ಯಾಗ ನನ್ನ ಮದುಮಗಳ ಮಾಡಿದಿ ನೋಡು," ಅಂತ ಒಳಗಿನಿಂದಲೇ ನಕ್ಕಳು.

ಬಸವಕಲ್ಯಾಣದ ಮನೆಯಲ್ಲಿ ಅವ್ವನ ತಂಗಿ, ನನ್ನ ಚಿಗವ್ವ, ಬಿಸಿಲಿನ ಸುದ್ದಿ ಫೋನಿನಲ್ಲಿ ಕೇಳಿ ಆಗಲೇ ಅವ್ವನಿಗಾಗಿ ಬಾಣಂತಿ ಕೋಣೆ ಸಜ್ಜು ಮಾಡಿದ್ದಳು. ಹೊರಸು ಹಾಕಿ, ಕಿಟಕಿಗೂ ಬಾಗಿಲಿಗೂ ಕಂಬಳಿ ಇಳಿಬಿಟ್ಟಿದ್ದಳು. ಒಳಗೆ ಕಣ್ಣಿಗೆ ಕೈ ಕಾಣದು.

"ಕತ್ತಲ್ಯಾಗ ಇಡಬ್ಯಾಡ ಅಂದಾರ, ಚಿಗವ್ವಾ."

"ಬೆಳಕ ತಾಗಿದ್ರ ಸುಡ್ತದಂದ್ರ ಕತ್ತಲ ಒಳ್ಳೇದಲ್ಲೇನು? ನಿನ್ನ ಬಾಣಂತನಾನೂ ಇದ ಕೋಣ್ಯಾಗ ಮಾಡೀನಿ. ನನಗ ಕಲಿಸಾಕ ಬರಬ್ಯಾಡ."

ಅವಳ ಮಾತೇ ಸರಿ ಅನ್ನಿಸಿತು. ಡಾಕ್ಟರ ಮಾತು ನೆನೆದರೆ ಅದೂ ಸರಿ ಅನ್ನಿಸಿತು. ಕೊನೆಗೆ ಆಸ್ಪತ್ರೆಗೆ ಫೋನು ಮಾಡಿದೆ. ನರ್ಸಮ್ಮ ಚೆನ್ನಾಗಿ ಬೈದಳು. ಮನೆಯೊಳಗಿನ ಮಂದ ಬೆಳಕೇ ಚರ್ಮದಲ್ಲಿ ಉಳಿದ ಔಷಧಿಯನ್ನು ಮೆಲ್ಲಗೆ ಕಳೆಯುತ್ತದೆ, ಕತ್ತಲಲ್ಲಿಟ್ಟರೆ ಅದು ಹಾಗೇ ಉಳಿಯುತ್ತದೆ ಎಂದಳು.

"ಬೆಳಕಿನಿಂದ ಸುಡ್ತದ, ಬೆಳಕಿನಿಂದನ ಹೋಗ್ತದ! ಇದೆಂಥಾ ಹುಚ್ಚ ದವಾ ಅದ?" ಎಂದಳು ಚಿಗವ್ವ. ನಾನು ಹೋಗಿ ಕಿಟಕಿಯ ಕಂಬಳಿಗೆ ಕೈ ಹಾಕಿದೆ.

"ಇರ್ಲಿ ಬಿಡು," ಅಂದಳು ಅವ್ವ.

"ಯಾಕವ್ವಾ?"

"ಕತ್ತಲ್ಯಾಗ ಎರಡೂ ಕಣ್ಣು ಒಂದೇ ಸಮ ಇರ್ತಾವು. ಯಾವುದು ಹೋಗ್ಯಾದ, ಯಾವುದು ಉಳದದ, ಗೊತ್ತಾಗಲ್ಲ."

ನನಗೆ ಅಳು ಒತ್ತರಿಸಿ ಬಂತು. ಆದರೂ ಕಂಬಳಿ ಎಳೆದೆ. ಕೋಣೆಗೆ ಅಂಗಳದ ನೆರಳಿನ ಬೆಳಕು ಬಂತು. ಅವ್ವ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಹೊರಸಿನ ಮೇಲೆ ಕೂತಿದ್ದಳು. ಕಣ್ಣು ತೆರೆ ಎನ್ನಲು ನನಗೂ ಧೈರ್ಯವಾಗಲಿಲ್ಲ.